ಕೌಲ್ ಬಜಾರಿನಲ್ಲಿ ಅಳತೆ

ಫ್ಯಾನು ಆರಿಸಿದ್ದಕ್ಕೆ ಹುಡುಗರು ಶಪಿಸುತ್ತಿದ್ದಾರೆ.
ಏಪ್ರಿಲ್ಲು; ಮೇಲೆ ತಗಡು; ಹದಿನಾರು ಮಿಷನ್ನು.
ನೇತುಹಾಕಿದ ಪ್ಯಾಂಟು ಗಾಳಿಗೆ ಅಲುಗಿದರೆ
ಚುಕ್ಕಿಗಳೂ ಅಲುಗುತ್ತವೆ,
ಹತ್ತು ನಿಮಿಷ ತಾಳ್ರಪ್ಪಾ ಅಂದೆ.
ಅರ್ಧ ತಾಸಾಯಿತು.

ಕಿಟಕಿಯ ಸರಳಿಗೆ ಬಿಗಿದ ಕ್ಯಾಮೆರಾ,
ಅಂಗೈಯಗಲ, ಮೂರು ಕಣ್ಣು.
ಒಂದು ಬಣ್ಣ ನೋಡುತ್ತದೆ, ಎರಡು ದೂರ ನೋಡುತ್ತವೆ.
ನಡುವೆ ಕಾಣದ ದೀಪವೊಂದು
ಎದುರು ನಿಂತವರ ಮೇಲೆಲ್ಲ ಸಾಸಿವೆ ಎರಚುತ್ತದೆ.
ಅಲ್ಲಿಂದ ಬಿಳಿ ವೈರು
ಬಾಬಿನ್ ಡಬ್ಬಿ ದಾಟಿ, ಗುಂಡಿಯ ಚೀಲ ಸುತ್ತಿ
ನನ್ನ ತೊಡೆಯ ಮೇಲಿನ ಲ್ಯಾಪ್‌ಟಾಪಿಗೆ:
ಸೆಕೆಂಡಿಗೆ ಮೂವತ್ತು ಸಲ
ಕೋಣೆ ಹರಿದು ಬರುತ್ತದೆ.

ಮೊದಲ ದಿನ ಬಣ್ಣಕ್ಕೊಂದು ಗಡಿಯಾರ, ದೂರಕ್ಕೊಂದು.
ಎರ್ರಿಸ್ವಾಮಿ ಕೈ ಎತ್ತಿದರೆ
ಚುಕ್ಕಿಯ ಕೈ ಮೊದಲೇ ಏರಿ ನಿಲ್ಲುತ್ತಿತ್ತು,
ಅದರ ಚರ್ಮ ಆಮೇಲೆ ಬಂದು ಹೊದೆಯುತ್ತಿತ್ತು.
ಎರಡು ರಾತ್ರಿ ಕೂತು ಅವನ್ನು ಕೂಡಿಸಿದೆ.
ಈಗ ಕೋಣೆಯನ್ನು ಬೆರಳಲ್ಲಿ ಹಿಡಿದು ತಿರುಗಿಸಬಹುದು,
ಮಾಳಿಗೆಯಿಂದ ನೋಡಬಹುದು, ನೆಲದೊಳಗಿಂದ ನೋಡಬಹುದು.
ಹಿಂದೆ ಹೋಗಿ ನೋಡಿದರೆ ಮಾತ್ರ
ಯಾರಿಗೂ ಬೆನ್ನಿಲ್ಲ.
ಮುಖವಾಡದ ಒಳಮೈಯಂತೆ ಎಲ್ಲರೂ ಟೊಳ್ಳು.

ಸಾವುಕಾರರ ಆಸೆ ಇಷ್ಟೇ:
ಗಿರಾಕಿ ಬಂದು ನಿಲ್ಲಬೇಕು, ಅಂಕಿ ಬೀಳಬೇಕು,
ಟೇಪಿನ ಕೆಲಸ ಮುಗಿಯಬೇಕು.
ಟೇಪು ದಾದಾಪೀರ್ ಮಾಸ್ತರರ ಕೊರಳಲ್ಲಿದೆ,
ಅಂಚಿನ ಅಂಕಿಗಳು ಬೆವರಿಗೆ ಅಳಿಸಿಹೋಗಿವೆ.
ಅವರಿಗೆ ಅದು ಬೇಕಾಗುವುದೂ ಇಲ್ಲ.
ಬಾಗಿಲಲ್ಲಿ ಚಪ್ಪಲಿ ಬಿಡುವವನನ್ನು ನೋಡಿ
"ಮೂವತ್ನಾಕು. ಎಡಗಾಲು ಕಾಲಿಂಚು ಗಿಡ್ಡ" ಅನ್ನುತ್ತಾರೆ.
ಗಿಡ್ಡವೇ ಇರುತ್ತದೆ.

"ನೀವೇ ನಿಂತ್ಕೊಳ್ರಿ ಮಾಸ್ತರ್ರೆ" ಅಂದೆ.
ನಿಂತರು, ತಾವೇ ಹೊಲಿದ ಕಡುಗಪ್ಪು ಜೀನ್ಸು ತೊಟ್ಟು,
ಫೋಟೋಕ್ಕೆ ನಿಂತಂತೆ ಉಸಿರು ಹಿಡಿದು.
ತೆರೆಯಲ್ಲಿ ಟೋಪಿ ಬಂತು, ಗಡ್ಡ ಬಂತು,
ಅಂಗಿಯ ಜೇಬು, ಜೇಬಿನ ಪೆನ್ನು ಬಂತು,
ಬೆಲ್ಟಿನ ಬಕ್ಕಲ್ಲು ಮಿಣುಕಿತು.
ಕೆಳಗೆ ಏನೂ ಇಲ್ಲ.
ಎರಡು ಪಾದ, ದೂರದಲ್ಲಿ, ನೆಲದ ಮೇಲೆ,
ಯಾರೋ ಮರೆತು ಬಿಟ್ಟುಹೋದಂತೆ.

ಕಪ್ಪು ಬಣ್ಣ ಆ ಬೆಳಕನ್ನು ಕುಡಿದುಬಿಡುತ್ತದೆ, ಮಾಸ್ತರ್ರೆ,
ಮರಳಿ ಬಾರದ್ದಕ್ಕೆಲ್ಲ ಇದು ಸೊನ್ನೆ ಬರೆಯುತ್ತದೆ.
ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.
"ಇಪ್ಪತ್ತೆಂಟು ವರ್ಷ ಹೊಲಿದಿದ್ದು
ಇದರ ಕಣ್ಣಿಗೆ ಬೀಳಂಗಿಲ್ಲೇನಮ್ಮ?"
ಹುಡುಗರು ನಕ್ಕರು. ಮಿಷನ್ನುಗಳು ನಿಂತಿದ್ದವು.
ನನಗೆ ಉತ್ತರ ಹೊಳೆಯಲಿಲ್ಲ, ವೈರು ಅಲುಗಿಸಿ ನೋಡಿದೆ.

ಆಗ ಮಾಸ್ತರರು ಕಿವಿಯ ಸಂದಿನಿಂದ
ಬಳಪ ತೆಗೆದರು.
ತೆಳ್ಳಗೆ ಸವೆದ, ಉಗುರಿನಂಥ ಬಳಪ.
ತಮ್ಮ ತೊಡೆಯ ಮೇಲೆ ತಾವೇ ಒತ್ತಿ ಒತ್ತಿ
ಒಂದು ಗೆರೆ ಎಳೆದರು.
ತೆರೆಯ ಕತ್ತಲಲ್ಲಿ ಗೆರೆ ಮೂಡಿತು.
ಚುಕ್ಕಿಯ ಪಕ್ಕ ಚುಕ್ಕಿ, ಇರುವೆಯ ಸಾಲು.
ಇನ್ನೊಂದು ಎಳೆದರು: ಮಗ್ಗುಲ ಹೊಲಿಗೆ.
ಇನ್ನೊಂದು: ಜೇಬಿನ ಬಾಯಿ.
ಮಂಡಿಯ ಮಡಿಕೆ, ಮೀನಖಂಡದ ಉಬ್ಬು, ಕೆಳಗಿನ ಅಂಚು.
ಕತ್ತರಿಸುವ ಮೇಜಿನ ಮೇಲೆ ದಿನಾ ಎಳೆಯುವುದನ್ನೇ
ಮೈಮೇಲೆ ಎಳೆದುಕೊಂಡು
ಬಳಪದಿಂದ ಕಾಲು ತರಿಸಿಕೊಂಡರು.
ಬರೀ ಗೆರೆಗಳ ಕಾಲು, ನಡುವೆಲ್ಲ ಬಯಲು,
ಆದರೂ ನಿಂತಿತ್ತು.

"ಈಗ ಅಳಿ" ಅಂದರು.

ಅಳೆಯಿತು. ಸೊಂಟ ಸರಿ ಬಂತು.
ಕೇಳದೇ ಇದ್ದದ್ದನ್ನೂ ಹೇಳಿತು:
ಬಲಭುಜ ಎಡಕ್ಕಿಂತ ಎರಡೂವರೆ ಸೆಂಟಿಮೀಟರು ಕೆಳಗೆ.
ಮಾಸ್ತರರು ಅಂಕಿ ಓದಿದರು, ಭುಜ ಮುಟ್ಟಿಕೊಂಡರು.
"ಇದನ್ನ ಸಾವುಕಾರರಿಗೆ ಕಳಿಸಬ್ಯಾಡ" ಎಂದು ಮೆಲ್ಲಗೆ ಅಂದರು.

ರಾತ್ರಿ ಮನೆಯಲ್ಲಿ ಕೂತು ಆ ಗಳಿಗೆಯನ್ನು
ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದೇನೆ.
ಹಿಂದಕ್ಕೆಳೆದರೆ ಗೆರೆ ಒಂದೊಂದಾಗಿ ಬಳಪಕ್ಕೆ ಮರಳುತ್ತದೆ,
ಕಾಲು ಕರಗುತ್ತದೆ, ಟೋಪಿಯ ಮನುಷ್ಯ ತೇಲುತ್ತಾನೆ.
ನಡುವೆ ಒಮ್ಮೆ ನನ್ನ ಕಡೆ ತಿರುಗಿ ಏನೋ ಹೇಳುತ್ತಾರೆ.
ಏನೆಂದು ನೆನಪಾಗುತ್ತಿಲ್ಲ; ಕ್ಯಾಮೆರಾಕ್ಕೆ ಕಿವಿಯಿಲ್ಲ.
ತುಟಿಯ ಮೇಲೆ ನಾಲ್ಕಾರು ಚುಕ್ಕಿ ಜಾಗ ಬದಲಿಸುತ್ತವೆ, ಅಷ್ಟೆ.

ಕೊನೆಯ ಹತ್ತು ಸೆಕೆಂಡು:
ಯಾರೋ ಫ್ಯಾನು ಹಾಕಿದ್ದಾರೆ.
ನೇತಾಡುವ ಪ್ಯಾಂಟು, ದಾರದ ಎಳೆ, ಕಾಲಿನ ಗೆರೆ,
ಎಲ್ಲ ಒಟ್ಟಿಗೆ ನಡುಗತೊಡಗುತ್ತವೆ.